ಸ್ಟೇರಿಂಗ್ ಯಾರ ಕೈಲಿದೆ?

ದಾಂಡೇಲಿಯಿಂದ ಜೋಯಿಡಾ ದಾಟಿ ಅಣಶಿ ಘಾಟ್ ಇಳಿದ್ರೆ ಕಾರವಾರ, ಅಲ್ಲೇ ಪಕ್ಕದ ಅರಗಾದಲ್ಲಿ ಕದಂಬ ನೌಕಾನೆಲೆ. ಆ ಘಾಟ್‌ನಲ್ಲಿ ರಾತ್ರಿ ಬಸ್ಸಿನ ಸ್ಟೇರಿಂಗ್ ಒಬ್ರ ಕೈಲಿ, ಎಕ್ಸಲರೇಟರ್ ಇನ್ನೊಬ್ರ ಕಾಲಲ್ಲಿ ಇದೆ ಅಂದ್ಕೊಳ್ಳಿ. ನೀವು ಹತ್ತುತ್ತೀರಾ?

2017ರ ಆಗಸ್ಟ್ 21, ಬೆಳಗಿನ ಜಾವ, ಸಿಂಗಪುರದ ಹತ್ತಿರ. ಅಮೆರಿಕದ ಯುದ್ಧನೌಕೆ ‘ಜಾನ್ ಎಸ್. ಮೆಕೇನ್’. ಚುಕ್ಕಾಣಿ ಹಿಡಿದವನು ಒದ್ದಾಡ್ತಿದ್ದಾನೆ ಅಂತ ಕ್ಯಾಪ್ಟನ್, ವೇಗದ ನಿಯಂತ್ರಣ ಪಕ್ಕದವನಿಗೆ ಕೊಡಿ ಅಂದ್ರು. ಟಚ್‌ಸ್ಕ್ರೀನ್‌ನಲ್ಲಿ ಅದನ್ನ ಬದಲಾಯಿಸುವಾಗ ಚುಕ್ಕಾಣಿನೂ ಪಕ್ಕಕ್ಕೆ ಹೋಯ್ತು. ಯಾರಿಗೂ ಗೊತ್ತಾಗ್ಲಿಲ್ಲ! ಸ್ಟೇರಿಂಗ್ ಕೆಟ್ಟಿದೆ ಅಂದ್ಕೊಂಡ್ರು. ವೇಗ ಇಳಿಸೋಕೆ ಹೋದ್ರೆ ಒಂದೇ ಪ್ರೊಪೆಲರ್ ನಿಧಾನ ಆಯ್ತು. ನೌಕೆ ಎಡಕ್ಕೆ ತಿರುಗಿ ‘ಅಲ್ನಿಕ್ ಎಂಸಿ’ ಟ್ಯಾಂಕರ್‌ಗೆ ಅಡ್ಡ ಬಂತು. 10 ನಾವಿಕರು ಸತ್ತರು. ತನಿಖೆಯಲ್ಲಿ ಸಿಕ್ಕಿದ್ದು ನಿದ್ದೆಗೆಟ್ಟ ಸಿಬ್ಬಂದಿ, ಸಾಲದ ತರಬೇತಿ. ಆಮೇಲೆ ಅಲ್ಲಿನ ನೌಕಾಪಡೆ ವೇಗಕ್ಕೆ ಮತ್ತೆ ಹಳೇ ಹಿಡಿಕೆನೇ ಸಾಕು ಅಂತ ತೀರ್ಮಾನಿಸ್ತು. (ಫೋನ್ ನೋಡ್ಕೊಂಡು ಇದನ್ನ ಹೇಳ್ತಿರೋದು ನಾನೇ, ಇರಲಿ.)

ನಮ್ಮ ಸಮುದ್ರಕ್ಕೆ ಬನ್ನಿ. 2024ರ ನವೆಂಬರ್ 21ಕ್ಕೆ ಗೋವಾದಿಂದ 70 ನಾಟಿಕಲ್ ಮೈಲಿ ದೂರದಲ್ಲಿ ‘ಮಾರ್ತೋಮಾ’ ಮೀನುಗಾರಿಕೆ ದೋಣಿಗೂ ನಮ್ಮ ನೌಕಾಪಡೆಯ ಜಲಾಂತರ್ಗಾಮಿಗೂ ಡಿಕ್ಕಿ ಆಯ್ತು. ದೋಣಿಯಲ್ಲಿದ್ದ 13 ಜನರಲ್ಲಿ ಉಳಿದಿದ್ದು 11. ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿ 5ನೇದು, ಪ್ರತಿ ಹಡಗೂ ಸದಾ ಕಣ್ಣು, ಕಿವಿ ಎರಡರಿಂದಲೂ ಕಾವಲಿರಬೇಕು ಅನ್ನುತ್ತೆ. ದೋಣಿಗೂ ಅದೇ, ಯುದ್ಧನೌಕೆಗೂ ಅದೇ.

ಹಳಿಯಾಳ, ಮುಂಡಗೋಡದಿಂದ ನೇವಿಗೆ ತಯಾರಾಗ್ತಿರೋರು ಕೇಳ್ತಿದ್ರೆ: ಓಟ, ಪುಷ್ಅಪ್ ಸರಿ. ರಾತ್ರಿ 12ರಿಂದ 4ರ ಪಾಳಿಗೆ ನಿಲ್ಲೋ ಮುಂಚೆ ಎಷ್ಟು ಗಂಟೆ ನಿದ್ದೆ ಸಿಗುತ್ತೆ ಅಂತ ಸೇರಿದವರನ್ನ ಕೇಳಿ ನೋಡಿ.