ಕಿವಿ ಒಣಗಿರಲಿ, ಮಿಷನ್ನು ಚೊಕ್ಕಟವಾಗಿರಲಿ

ದಿನಾ ನಾವು ಅಕ್ಷರ ಕಲಿಯುತ್ತೇವೆ. ಇವತ್ತು ಕಿವಿಯ ವಿಚಾರ ಮಾತಾಡೋಣ. ಅಕ್ಷರಕ್ಕೂ ಕಿವಿಗೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ. 'ಅವ್ವ' ಅನ್ನೋ ಮಾತು ಮೊದಲು ನಮ್ಮ ಕಿವಿಗೆ ಬಿತ್ತು. ಆಮೇಲೆ ಬಾಯಿಗೆ ಬಂತು. ಈಗ ಕೈಗೂ ಬಂದಿದೆ. ಕಿವಿ ಕೇಳದ ಮಗುವಿಗೆ ಮಾತು ಬರುವುದು ತಡ. ಮಾತು ತಡವಾದರೆ ಓದೂ ತಡ.

ಕಿವಿಯೊಳಗೆ ಒಂದು ತೆಳು ಪೊರೆ ಇದೆ. ತಮಟೆಯ ಚರ್ಮದ ಹಾಗೆ ಬಿಗಿಯಾಗಿರುತ್ತದೆ. ಅದಕ್ಕೇ ಅದನ್ನು ಕಿವಿ ತಮಟೆ ಅನ್ನುತ್ತಾರೆ. ಶಬ್ದ ಬಡಿದರೆ ಅದು ಅದುರುತ್ತದೆ. ಅದರ ಹಿಂದೆ ಮೂರು ಪುಟ್ಟ ಎಲುಬುಗಳಿವೆ. ಅವು ಆ ಅದುರನ್ನು ಒಳಕ್ಕೆ ದಾಟಿಸುತ್ತವೆ. ಅಲ್ಲಿಂದ ನರ ಅದನ್ನು ಮಿದುಳಿಗೆ ಮುಟ್ಟಿಸುತ್ತದೆ.

ಗುಗ್ಗೆ ಅಂದರೆ ಹೊಲಸಲ್ಲ. ದೂಳು, ಹುಳು ಒಳಗೆ ಹೋಗದ ಹಾಗೆ ಮೈ ತಾನೇ ಇಟ್ಟುಕೊಂಡ ಕಾವಲು. ಉಣ್ಣುವಾಗ, ಮಾತಾಡುವಾಗ ನಮ್ಮ ದವಡೆ ಆಡುತ್ತದೆ. ಆಗ ಗುಗ್ಗೆ ಮೆಲ್ಲಗೆ ಹೊರಕ್ಕೆ ಜರುಗುತ್ತದೆ. ನಾವು ಏನು ಮಾಡುತ್ತೇವೆ? ಹೇರ್‌ಪಿನ್ನು, ಬೆಂಕಿಕಡ್ಡಿ, ಕೋಳಿಪುಕ್ಕ ಹಾಕಿ ಕೆರೆಯುತ್ತೇವೆ. ಗುಗ್ಗೆ ಇನ್ನೂ ಒಳಕ್ಕೆ ಹೋಗಿ ಗಟ್ಟಿಯಾಗುತ್ತದೆ. ಕಡ್ಡಿ ತಮಟೆಗೆ ತಾಗಿದರೆ ತೂತು ಬೀಳುತ್ತದೆ. ಹೊರಗಿನ ಕಿವಿಯನ್ನು ಬಟ್ಟೆಯಿಂದ ಒರೆಸಿ. ಅಷ್ಟು ಸಾಕು.

ನಮ್ಮ ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ಎಣ್ಣೆ ಬಾಣಲೆಗಿರಲಿ, ಕಿವಿಗೆ ಬೇಡ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುವ ರೂಢಿ ಅನೇಕ ಮನೆಗಳಲ್ಲಿದೆ. ಬಿಸಿ ಎಣ್ಣೆ ಒಳಗೆ ಸುಡುತ್ತದೆ. ತಮಟೆ ತೂತಾಗಿದ್ದರೆ ಎಣ್ಣೆ ಒಳಕ್ಕೆ ಇಳಿದು ಕೀವು ಹೆಚ್ಚುತ್ತದೆ. ಸೊಪ್ಪಿನ ರಸವೂ ಬೇಡ, ಎದೆಹಾಲೂ ಬೇಡ.

ಮಕ್ಕಳು ಆಡುತ್ತಾ ಶೇಂಗಾ ಬೀಜವನ್ನೋ ಕಡಲೆಯನ್ನೋ ಕಿವಿಗೆ ತುರುಕಿಕೊಳ್ಳುತ್ತವೆ. ಆಗ ನೀರು ಹಾಕಬೇಡಿ. ನೆಂದ ಕಾಳು ಉಬ್ಬಿ ಇನ್ನೂ ಬಿಗಿಯುತ್ತದೆ. ಪಿನ್ನು ಹಾಕಿ ಎಳೆಯಲೂಬೇಡಿ. ಆಸ್ಪತ್ರೆಗೆ ಹೋಗಿ.

ಮಗುವಿನ ಕಿವಿ ಸೋರಿದರೆ, "ಕೆಟ್ಟ ನೀರು ಹೋಗಲಿ ಬಿಡು" ಅನ್ನುವವರಿದ್ದಾರೆ. ಆ ಮಾತು ಕೇಳಬೇಡಿ. ಮೂಗಿನ ಹಿಂದಿನಿಂದ ಕಿವಿಯೊಳಕ್ಕೆ ಒಂದು ಸಣ್ಣ ನಾಳ ಇದೆ. ಮಕ್ಕಳಲ್ಲಿ ಅದು ಇನ್ನೂ ಗಿಡ್ಡ. ನೆಗಡಿ ಆದಾಗ ರೋಗ ಅದೇ ದಾರಿಯಲ್ಲಿ ಕಿವಿಗೆ ಹೋಗುತ್ತದೆ. ಬಿಟ್ಟರೆ ಕೀವು ಆ ಪುಟ್ಟ ಎಲುಬುಗಳನ್ನು ತಿಂದುಹಾಕಬಹುದು. ಮಿದುಳಿಗೂ ಹರಡಬಹುದು. ಮಗುವಿಗೆ ಹಾಲು ಕೊಡುವಾಗ ತಲೆಯನ್ನು ಸ್ವಲ್ಪ ಎತ್ತರಕ್ಕಿಡಿ. ಸೋರುವ ಕಿವಿಗೆ ನೀರು ಹೋಗಬಾರದು. ಮೈ ತೊಳೆಸುವಾಗ ಹತ್ತಿಗೆ ವ್ಯಾಸಲೀನು ಸವರಿ ಕಿವಿಯ ಬಾಯಿಗೆ ಇಡಿ. ಸ್ನಾನ ಆದ ಮೇಲೆ ತೆಗೆದುಬಿಡಿ. ಡಾಕ್ಟರಿಗೆ ತೋರಿಸಿ, ಔಷಧಿಯನ್ನು ನಡುವೆ ನಿಲ್ಲಿಸಬೇಡಿ.

ಹಿಂದಿನಿಂದ ಕೂಗಿದರೆ ಮಗು ತಿರುಗುವುದಿಲ್ಲವೇ? ಟೀವಿ ಹತ್ತಿರವೇ ಕೂರುತ್ತದೆಯೇ? ವಯಸ್ಸಿಗೆ ತಕ್ಕ ಮಾತು ಬಂದಿಲ್ಲವೇ? ಹಾಗಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ಇಂಥ ಮಗುವಿಗೆ ಮೊದ್ದು ಅನ್ನುವುದುಂಟು. ಮಗು ಮೊದ್ದಲ್ಲ, ನಮ್ಮ ಮಾತು ಅದಕ್ಕೆ ಮುಟ್ಟುತ್ತಿಲ್ಲ. ಇನ್ನೊಂದು ಮಾತು. ಮನೆಯಲ್ಲಿ ನೀವಾಗಲಿ, ಶಾಲೆಯಲ್ಲಿ ನಾವಾಗಲಿ, ಮಗುವಿನ ಕಪಾಳಕ್ಕೆ ಹೊಡೆಯಬಾರದು. ಒಂದೇ ಏಟಿಗೆ ಕಿವಿ ತಮಟೆ ಒಡೆಯಬಹುದು.

ಎಲ್ಲಿಗೆ ಹೋಗಬೇಕು? ಮೊದಲು ಆಶಾ ಅಕ್ಕನನ್ನು ಕೇಳಿ. ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಮತ್ತು ಮಾತಿನ ತೊಂದರೆಗೆಂದೇ 1960ರ ದಶಕದಲ್ಲಿ ಕೇಂದ್ರ ಸರ್ಕಾರ ಅದನ್ನು ಕಟ್ಟಿತು. ಬಡವರಿಗೆ ಕಿವಿ ಮಿಷನ್ನು ಕೊಡುವ ಕೇಂದ್ರದ ಯೋಜನೆಯೂ 1981ರಿಂದ ಇದೆ.

ಆದರೆ ಮಿಷನ್ನು ಸಿಕ್ಕಿದರೆ ಕೆಲಸ ಮುಗಿಯಲಿಲ್ಲ. ನಾಲ್ಕು ದಿನ ಹಾಕುತ್ತಾರೆ. ಅದು ಕುಯ್ ಅಂತ ಕೂಗುತ್ತದೆ, ಇಲ್ಲವೇ ನಿಂತುಹೋಗುತ್ತದೆ. ಆಮೇಲೆ ಗೋಡೆಯ ಗೂಡು ಸೇರುತ್ತದೆ. ಅಜ್ಜಿ ಮತ್ತೆ ಮೂಲೆ ಸೇರುತ್ತಾಳೆ. ಮಗು ಮತ್ತೆ ಶಾಲೆಯ ಹಿಂದಿನ ಸಾಲು ಸೇರುತ್ತದೆ. ಎಷ್ಟೋ ಸಲ ಮಿಷನ್ನು ಕೆಟ್ಟಿರುವುದೇ ಇಲ್ಲ. ಗುಗ್ಗೆ ಕಟ್ಟಿರುತ್ತದೆ, ಬೆವರು ಹೋಗಿರುತ್ತದೆ, ಇಲ್ಲವೇ ಸೆಲ್ಲು ಮುಗಿದಿರುತ್ತದೆ.

ರೇಷ್ಮೆ ಮುಟ್ಟುವ ಮೊದಲು ಮೊಳಕಾಲ್ಮೂರಿನ ಅಕ್ಕಂದಿರು ಕೈ ಒರೆಸಿಕೊಳ್ಳುತ್ತಾರೆ. ಮಿಷನ್ನಿಗೂ ಹಾಗೇ ಮಾಡಿ. ಒದ್ದೆ ಕೈ, ಎಣ್ಣೆ ಕೈ ಬೇಡ. ದಿನಾ ರಾತ್ರಿ ಒಣ ಬಟ್ಟೆಯಿಂದ ಒರೆಸಿ. ಕಿವಿಯೊಳಗೆ ಕೂರುವ ಅಚ್ಚನ್ನು ಮಿಷನ್ನಿನಿಂದ ಬಿಡಿಸಿ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅಚ್ಚನ್ನು ಮಾತ್ರ ತೊಳೆಯಿರಿ. ಅದರ ತೂತನ್ನು ಊದಿ, ಪೂರ್ತಿ ಒಣಗಿಸಿ, ಆಮೇಲೆ ಜೋಡಿಸಿ. ಮಿಷನ್ನಿಗೆ ಮಾತ್ರ ಒಂದು ಹನಿ ನೀರೂ ತಾಗಬಾರದು. ತಲೆಗೆ ಎಣ್ಣೆ ಹಚ್ಚುವಾಗ, ಸ್ನಾನ ಮಾಡುವಾಗ, ಮಲಗುವಾಗ ತೆಗೆದಿಡಿ. ನಮ್ಮ ಕಡೆ ದೂಳು ಹೆಚ್ಚು. ಹಾಗಾಗಿ ಮುಚ್ಚಳದ ಡಬ್ಬಿಯಲ್ಲೇ ಇಡಿ. ಬಿಸಿಲಿಗೆ, ಒಲೆಯ ಹತ್ತಿರ ಇಡಬೇಡಿ.

ರಾತ್ರಿ ಸೆಲ್ಲಿನ ಬಾಗಿಲು ತೆರೆದಿಡಿ, ಒಳಗಿನ ಪಸೆ ಆರುತ್ತದೆ. ಹೊಸ ಸೆಲ್ಲು ಹಾಕಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದಲ್ಲ! ಸೆಲ್ಲು ಎಷ್ಟು ದಿನ ಬರುತ್ತದೆ ಅನ್ನುವ ಲೆಕ್ಕ ನಿಮಗೇ ಸಿಗುತ್ತದೆ. ಗುಂಡಿಯಂಥ ಈ ಸೆಲ್ಲು ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಗಂಟಲು, ಅನ್ನನಾಳ ಸುಡುತ್ತದೆ. ತಡಮಾಡದೆ ಆಸ್ಪತ್ರೆಗೆ ಓಡಿ.

ಮಿಷನ್ನು ಕೂಗಿದರೆ ಅಚ್ಚು ಸಡಿಲವಾಗಿದೆ, ಇಲ್ಲವೇ ಕಿವಿಯಲ್ಲಿ ಗುಗ್ಗೆ ತುಂಬಿದೆ ಅಂತ ತಿಳಿಯಿರಿ. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ. ಆಗ ಅಚ್ಚು ಬದಲಿಸಬೇಕು. ಕಿವಿ ನೋವಾದರೆ, ಸೋರಿದರೆ ಮಿಷನ್ನು ತೆಗೆದು ಡಾಕ್ಟರಿಗೆ ತೋರಿಸಿ. ಒಬ್ಬರ ಮಿಷನ್ನು ಇನ್ನೊಬ್ಬರಿಗೆ ಹಾಕಬೇಡಿ. ಅದನ್ನು ಅವರವರ ಕಿವಿಗೆ ತಕ್ಕಂತೆ ಹೊಂದಿಸಿರುತ್ತಾರೆ.

ಕೇಳದವರನ್ನು ಕೆಪ್ಪ, ಕೆಪ್ಪಿ ಅಂತ ಕರೆಯುವುದನ್ನು ಬಿಡೋಣ. ಎದುರಿಗೆ ಕೂತು, ಮುಖ ಕಾಣುವ ಹಾಗೆ, ನಿಧಾನವಾಗಿ ಮಾತಾಡೋಣ. ಇವತ್ತು ಮನೆಗೆ ಹೋದ ಮೇಲೆ ಗೂಡಿನಲ್ಲಿ ಮಿಷನ್ನು ಇದೆಯಾ ನೋಡಿ. ಇದ್ದರೆ ಕೆಳಗಿಳಿಸಿ, ಒರೆಸಿ, ಹೊಸ ಸೆಲ್ಲು ಹಾಕಿ. ಆಗಲೂ ಕೇಳಿಸದಿದ್ದರೆ ಆಸ್ಪತ್ರೆಗೆ ತಗೊಂಡು ಹೋಗಿ ತೋರಿಸಿ. ಮತ್ತೆ ಗೂಡಿಗೆ ಮಾತ್ರ ಇಡಬೇಡಿ.