ವಿಶ್ವ ಇತಿಹಾಸ ಯಾವ ಇಸವಿಯಿಂದ ಶುರು?

ಇವತ್ತು ಒಂದೇ ಒಂದು ಪ್ರಶ್ನೆ ಇಟ್ಕೊಂಡು ಮಾತಾಡೋಣ. ಹೈಸ್ಕೂಲ್ ಮಕ್ಕಳಿಗೆ ಇಡೀ ಜಗತ್ತಿನ ಇತಿಹಾಸ ಕಲಿಸಬೇಕು, ಕೈಯಲ್ಲಿರೋದು ಒಂದೇ ವರ್ಷ. ನೀವಾಗಿದ್ರೆ ಯಾವ ಇಸವಿಯಿಂದ ಶುರು ಮಾಡ್ತಿದ್ರಿ?

ಕೇಳೋಕೆ ಇದು ಟೈಮ್‌ಟೇಬಲ್ ಹಾಕೋರ ತಲೆನೋವು ಅನ್ಸುತ್ತೆ. ಆದರೆ 2018ರಲ್ಲಿ ಇದೇ ಪ್ರಶ್ನೆಗೆ ಅಮೆರಿಕದಲ್ಲಿ ಮೇಷ್ಟ್ರುಗಳು, ವಿದ್ಯಾರ್ಥಿಗಳು, ಇತಿಹಾಸಕಾರರು ಎಲ್ಲ ಸೇರಿ ದೊಡ್ಡ ಗಲಾಟೆಯೇ ಆಯ್ತು.

ಅಲ್ಲಿ ಕಾಲೇಜ್ ಬೋರ್ಡ್ ಅಂತ ಒಂದು ಸಂಸ್ಥೆ ಇದೆ. ಎಸ್‌ಎಟಿ ಪರೀಕ್ಷೆ ನಡೆಸೋದು ಇವರೇ. ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಮಟ್ಟದ ವಿಷಯ ಓದಿ ಪರೀಕ್ಷೆ ಬರೆಯುವ 'ಎಪಿ' ಕೋರ್ಸ್‌ಗಳೂ ಇವರದ್ದೇ. ಅದರಲ್ಲಿ ವಿಶ್ವ ಇತಿಹಾಸವೂ ಒಂದು. ಮೊದಲ ಪರೀಕ್ಷೆ ನಡೆದಿದ್ದು 2002ರಲ್ಲಿ. 2018ರ ಹೊತ್ತಿಗೆ ವರ್ಷಕ್ಕೆ 3 ಲಕ್ಷಕ್ಕೂ ಹೆಚ್ಚು ಮಕ್ಕಳು ಇದನ್ನ ಬರೀತಾ ಇದ್ರು. ನಿಮ್ಮ ಅಕ್ಕನ ಮಕ್ಕಳೋ ಚಿಕ್ಕಪ್ಪನ ಮಕ್ಕಳೋ ನ್ಯೂಜೆರ್ಸಿಯಲ್ಲೋ ಟೆಕ್ಸಾಸ್‌ನಲ್ಲೋ ಇದ್ರೆ ಅವರಿಗೂ ಈ ಹೆಸರು ಗೊತ್ತಿರುತ್ತೆ.

ಆಗ ಈ ಕೋರ್ಸು ಮನುಷ್ಯ ಬೇಸಾಯ ಕಲಿತ ಕಾಲದಿಂದ ಶುರುವಾಗಿ ಇವತ್ತಿನವರೆಗೆ ಬರ್ತಿತ್ತು. ಅಂದ್ರೆ ಸುಮಾರು 10,000 ವರ್ಷ. ಶಾಲೆ ತೆರೆಯೋದು ಆಗಸ್ಟ್ ಅಥವಾ ಸೆಪ್ಟೆಂಬರ್, ಪರೀಕ್ಷೆ ಮೇ ತಿಂಗಳು. ಲೆಕ್ಕ ಹಾಕಿ, ತಿಂಗಳಿಗೆ ಸಾವಿರ ವರ್ಷಕ್ಕಿಂತ ಹೆಚ್ಚು ಓಡಿಸಬೇಕು! ಹರಪ್ಪಕ್ಕೆ ಅರ್ಧ ಪೀರಿಯಡ್, ಈಜಿಪ್ಟಿಗೆ ಇನ್ನರ್ಧ. ಮೇಷ್ಟ್ರುಗಳು ಸುಸ್ತಾಗಿದ್ರು, ಅದರಲ್ಲಿ ಎರಡು ಮಾತಿಲ್ಲ.

2018ರ ಮೇ ತಿಂಗಳಲ್ಲಿ ಕಾಲೇಜ್ ಬೋರ್ಡ್ ಇದಕ್ಕೊಂದು ಪರಿಹಾರ ಘೋಷಿಸ್ತು. ಮುಂದಿನ ವರ್ಷದಿಂದ ಕೋರ್ಸು ಕ್ರಿ.ಶ. 1450ರಿಂದ ಶುರು, ಅದಕ್ಕಿಂತ ಹಿಂದಿನದು ಪರೀಕ್ಷೆಗೆ ಇಲ್ಲ. ಬೇಕಾದ ಶಾಲೆಗಳು ಅದನ್ನ ಬೇರೆ ಕೋರ್ಸಾಗಿ ಕಲಿಸಿಕೊಳ್ಳಲಿ ಅಂದ್ರು. ಆದರೆ ವಿಶ್ವ ಇತಿಹಾಸಕ್ಕೇ ಎರಡು ವರ್ಷ ಕೊಡೋ ಅನುಕೂಲ ಎಷ್ಟು ಶಾಲೆಗಳಿಗಿರುತ್ತೆ? ಪರೀಕ್ಷೆಗೆ ಇಲ್ಲ ಅಂದಮೇಲೆ ಪಾಠವೂ ಇಲ್ಲ. ಇದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. "ಇದು ಎಕ್ಸಾಮ್‌ಗೆ ಬರುತ್ತಾ ಸಾರ್?" ಅಂತ ಕೇಳ್ಕೊಂಡೇ ನಾವೂ ದೊಡ್ಡವರಾಗಿದ್ದು.

ಸರಿ, 1450 ಆದ್ರೆ ಏನಾಯ್ತು? ಅದೂ ಒಂದು ಇಸವಿ ತಾನೇ?

ಬಿಕಾಂ ಓದಿದ ನನಗೆ ಇದು ಅರ್ಥ ಆಗಿದ್ದು ಲೆಡ್ಜರ್ ಮೂಲಕ. ಖಾತೆಯ ಹೊಸ ಪುಟದ ಮೊದಲ ಸಾಲಲ್ಲಿ ಆರಂಭಿಕ ಶಿಲ್ಕು ಅಂತ ಇರುತ್ತಲ್ಲ, ಹಿಂದಿನ ಪುಟದಿಂದ ತಂದಿದ್ದು. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಹೊಸ ಪುಟ ಹೇಳೋದಿಲ್ಲ. ಹಿಂದಿನ ಪುಟ ನೋಡದವನಿಗೆ ಒಬ್ಬ ಹುಟ್ಟಾ ಸಾಲಗಾರ, ಇನ್ನೊಬ್ಬ ಹುಟ್ಟಾ ಸಾಹುಕಾರ ಅನ್ಸುತ್ತೆ. ಇತಿಹಾಸವನ್ನ 1450ರಿಂದ ತೆರೆದರೂ ಹಾಗೇ. ಮೊದಲ ಪುಟದಲ್ಲೇ ಪೋರ್ಚುಗೀಸರ ಹಡಗು ಹೊರಟಿರುತ್ತೆ, ಕೊಲಂಬಸ್ ಹಾಯಿ ಬಿಚ್ಚುತ್ತಾ ಇರ್ತಾನೆ. ಮಿಕ್ಕ ಜಗತ್ತೆಲ್ಲ ದಡದಲ್ಲಿ ನಿಂತು, ಯಾರಾದ್ರೂ ಬಂದು ನಮ್ಮನ್ನ ಕಂಡುಹಿಡೀಲಿ ಅಂತ ಕಾಯ್ತಾ ಇದ್ದ ಹಾಗೆ ಕಾಣುತ್ತೆ.

ಆ ವರ್ಷ ಜೂನ್‌ನಲ್ಲಿ ಪರೀಕ್ಷೆಯ ಪೇಪರ್ ತಿದ್ದೋಕೆ ಸಾಲ್ಟ್ ಲೇಕ್ ಸಿಟಿಯಲ್ಲಿ ಮೇಷ್ಟ್ರುಗಳು ಸೇರಿದ್ರು. ಅಲ್ಲಿ ಕಾಲೇಜ್ ಬೋರ್ಡ್ ಅಧಿಕಾರಿಗಳನ್ನ ಅವರು ಎದುರಿಗೇ ತರಾಟೆಗೆ ತಗೊಂಡ್ರು. ಅವರ ವಾದದ ತಿರುಳು ಇದು: ನನ್ನ ಕ್ಲಾಸಲ್ಲಿ ಆಫ್ರಿಕಾ ಮೂಲದ ಮಗು ಕೂತಿದೆ. 1450ರಿಂದ ಶುರು ಮಾಡಿದ್ರೆ ಆ ಮಗು ತನ್ನ ಹಿರೀಕರನ್ನ ಪುಸ್ತಕದಲ್ಲಿ ಮೊದಲ ಸಲ ನೋಡೋದು ಗುಲಾಮರ ಹಡಗಿನಲ್ಲಿ. 1324ರಲ್ಲಿ ಮೆಕ್ಕಾಗೆ ಹೊರಟು, ದಾರಿಯಲ್ಲಿ ಕೈರೋದಲ್ಲಿ ಚಿನ್ನ ಹಂಚಿದ ಮಾಲಿಯ ದೊರೆ ಮನ್ಸಾ ಮೂಸಾ ಆ ಮಗುವಿಗೆ ಸಿಗೋದೇ ಇಲ್ಲ. ಅಮೆರಿಕದ ಮೂಲನಿವಾಸಿಗಳ ಮಗು ತನ್ನವರನ್ನ ಮೊದಲು ನೋಡೋದು ಸೋಲುವಾಗ. ಭಾರತದ ಮಗುವಿಗೂ ಹೆಚ್ಚುಕಡಿಮೆ ಅದೇ ಕಥೆ.

ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಕೂಡ ಮರುಪರಿಶೀಲಿಸಿ ಅಂತ ಪತ್ರ ಬರೀತು. ವಿದ್ಯಾರ್ಥಿಗಳು ಆನ್‌ಲೈನ್‌ನಲ್ಲಿ ಸಹಿ ಸಂಗ್ರಹಿಸಿದ್ರು. ನಮ್ಮ ಸಿಲಬಸ್ ಕಡಿಮೆ ಮಾಡಬೇಡಿ ಅಂತ ಮಕ್ಕಳೇ ಸಹಿ ಹಾಕೋದು! ಜುಲೈ ಹೊತ್ತಿಗೆ ಕಾಲೇಜ್ ಬೋರ್ಡ್ ಸ್ವಲ್ಪ ಹಿಂದೆ ಸರೀತು. 1450 ಬೇಡ, 1200ರಿಂದ ಶುರು ಮಾಡೋಣ ಅಂತು. 2019-20ರಿಂದ ಅದೇ ನಡೀತಿದೆ. ಹೆಸರಿಗೂ 'ಮಾಡರ್ನ್' ಅಂತ ಸೇರಿಸಿದ್ರು.

ಈ 250 ವರ್ಷದಲ್ಲಿ ಅಂಥದ್ದೇನಿದೆ ಅಂತೀರಾ? ನಮಗೆ ಹತ್ತಿರದ ಒಂದು ಉದಾಹರಣೆ ಕೊಡ್ತೀನಿ.

ಮೊರಾಕ್ಕೊದ ಟ್ಯಾಂಜಿಯರ್ ಊರಿನ ಇಬ್ನ್ ಬತೂತಾ 1325ರಲ್ಲಿ ಮನೆ ಬಿಟ್ಟು ಹೊರಟವನು. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಹತ್ತಿರ ಕಾಜಿಯಾಗಿದ್ದ. ಆಮೇಲೆ ಪಶ್ಚಿಮ ಕರಾವಳಿ ಹಿಡಿದು ದಕ್ಷಿಣಕ್ಕೆ ಬಂದ. ದಾರಿಯಲ್ಲಿ ಹೊನ್ನಾವರದಲ್ಲಿ ಇಳಿದ. ಹೌದು, ನಮ್ಮ ಉತ್ತರ ಕನ್ನಡದ ಹೊನ್ನಾವರವೇ. ಆ ಊರಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ನೋಡಿದೆ ಅಂತ ಬರೆದಿದ್ದಾನೆ. ಅಲ್ಲಿನ ಸುಲ್ತಾನ ಜಮಾಲುದ್ದೀನ್, 'ಹರ್ಯಬ್' ಅನ್ನೋ ದೊಡ್ಡ ದೊರೆಗೆ ಅಧೀನ ಅಂತಲೂ ಹೇಳ್ತಾನೆ. ಆ ಹರ್ಯಬ್ ಅಂದ್ರೆ ವಿಜಯನಗರದ ಒಂದನೇ ಹರಿಹರನೇ ಅಂತ ಹಲವು ಇತಿಹಾಸಕಾರರ ಅಭಿಪ್ರಾಯ. ವಿಜಯನಗರ ಶುರುವಾಗಿದ್ದು 1336ರಲ್ಲಿ, ಅಂದ್ರೆ ಆಗಿನ್ನೂ ಹೊಸ ರಾಜ್ಯ. ಮೊರಾಕ್ಕೊದವನೊಬ್ಬ ದೆಹಲಿಯಲ್ಲಿ ಕೆಲಸ ಮಾಡಿ, ಹೊನ್ನಾವರದಲ್ಲಿ ಊಟ ಮಾಡಿ, ಅಲ್ಲಿಂದ ಮಲಬಾರು, ಮಾಲ್ಡೀವ್ಸ್ ಅಂತ ಹೋಗ್ತಾನೆ. ಹೋದಲ್ಲೆಲ್ಲ ಅವನ ಭಾಷೆ ಬಲ್ಲವರು ಯಾರಾದ್ರೂ ಸಿಗ್ತಾರೆ. ಕೊಲಂಬಸ್ ಹುಟ್ಟೋಕೆ ಇನ್ನೂ ನೂರಕ್ಕೂ ಹೆಚ್ಚು ವರ್ಷ ಇತ್ತು.

ಈಗಿನ ಎಪಿ ಪಠ್ಯದ ಮೊದಲ ಎರಡು ಘಟಕ ಇದೇ 1200ರಿಂದ 1450ರ ಕಾಲದ್ದು. ಇಬ್ನ್ ಬತೂತಾ ಇದ್ದಾನೆ, ವಿಜಯನಗರದ ಹೆಸರೂ ಇದೆ. 1450ರಿಂದ ಶುರುವಾಗಿದ್ರೆ ವಿಜಯನಗರ ಹುಟ್ಟಿದ್ದು ಹೇಗೆ ಅನ್ನೋದು ಬಿಟ್ಟುಹೋಗ್ತಿತ್ತು.

ಇನ್ನು ನಮ್ಮ ಮನೆ ಕಡೆ ಬರೋಣ. ಕರ್ನಾಟಕದ ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನ ಓದಿದವರಿಗೆ ಮೊದಲ ಪಾಠ ನೆನಪಿರುತ್ತೆ, 'ಭಾರತಕ್ಕೆ ಯುರೋಪಿಯನ್ನರ ಆಗಮನ'. 1453ರಲ್ಲಿ ಆಟೋಮನ್ ಟರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡರು, ವ್ಯಾಪಾರದ ದಾರಿ ಕಷ್ಟವಾಯ್ತು, ಅದಕ್ಕೇ ಯುರೋಪಿನವರು ಸಮುದ್ರಮಾರ್ಗ ಹುಡುಕಿದರು. ನಾವೆಲ್ಲ ಉರು ಹೊಡೆದು ಬರೆದ ಉತ್ತರ ಇದು. ಆಧುನಿಕ ಭಾರತದ ಪಾಠವನ್ನ ಅಲ್ಲಿಂದ ಶುರು ಮಾಡೋದು ತಪ್ಪು ಅಂತ ನಾನು ಹೇಳಲ್ಲ, ಎಲ್ಲಿಂದಾದ್ರೂ ಶುರು ಮಾಡಲೇಬೇಕಲ್ಲ. ಆದರೆ ಆ ಉತ್ತರಕ್ಕೂ ಆರಂಭಿಕ ಶಿಲ್ಕು ಬೇಕು.

ಯಾಕಂದ್ರೆ ಪೋರ್ಚುಗೀಸರು ಆಫ್ರಿಕಾದ ಸೆಯುಟಾ ಹಿಡಿದಿದ್ದು 1415ರಲ್ಲಿ. ಬೊಜದೋರ್ ಭೂಶಿರ ದಾಟಿದ್ದು 1434ರಲ್ಲಿ. ಎರಡೂ 1453ಕ್ಕಿಂತ ಮುಂಚೆ. ಅವರು ಮೊದಲು ಹುಡುಕ್ತಾ ಇದ್ದಿದ್ದು ಆಫ್ರಿಕಾದ ಚಿನ್ನ, ಮನ್ಸಾ ಮೂಸಾನ ನಾಡಿನ ಕಡೆಯಿಂದ ಬರ್ತಿದ್ದ ಚಿನ್ನ. ಇನ್ನು ನಮ್ಮ ಮೆಣಸು ವೆನಿಸ್‌ಗೆ ಹೋಗ್ತಿದ್ದಿದ್ದು ಹೆಚ್ಚಾಗಿ ಕೆಂಪು ಸಮುದ್ರ ದಾಟಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಮೂಲಕ. ಈಜಿಪ್ಟು ಆಗ ಮಾಮ್ಲೂಕರ ಕೈಲಿತ್ತು, ಆಟೋಮನ್ನರು ಅದನ್ನ ಗೆದ್ದಿದ್ದು 1517ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು ಹೋಗಿ ಆಗಲೇ ಸುಮಾರು 19 ವರ್ಷ ಆಗಿತ್ತು! ಅಂದ್ರೆ 1453 ಒಂದು ಕಾರಣ ಇರಬಹುದು, ಅದೊಂದೇ ಕಾರಣ ಅಂತೂ ಅಲ್ಲ. ಪುಟ 1453ಕ್ಕೆ ತೆರೆಯುತ್ತೆ ಅನ್ನೋ ಒಂದೇ ಕಾರಣಕ್ಕೆ ಅಲ್ಲಿಂದಲೇ ಎಲ್ಲ ಶುರುವಾಯ್ತು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಗಾಮನ ಕಥೆಯಲ್ಲೇ ನನಗೆ ತುಂಬಾ ಇಷ್ಟವಾದ ಒಂದು ಪ್ರಸಂಗ ಇದೆ. 1498ರಲ್ಲಿ ಆಫ್ರಿಕಾದ ಮಲಿಂದಿಯಲ್ಲಿ, ಈ ಕಡಲು ಗೊತ್ತಿದ್ದ ಒಬ್ಬ ನಾವಿಕನನ್ನ ಹತ್ತಿಸ್ಕೊಂಡು ಇವನು ಕಲ್ಲಿಕೋಟೆಗೆ ಬರ್ತಾನೆ. ದಡಕ್ಕೆ ತನ್ನವನೊಬ್ಬನನ್ನ ಕಳಿಸ್ತಾನೆ. ಅವನಿಗೆ ಅಲ್ಲಿ ಸಿಕ್ಕಿದ್ದು ಯಾರು ಗೊತ್ತಾ? ಉತ್ತರ ಆಫ್ರಿಕಾದ ಟ್ಯೂನಿಸ್‌ನ ಇಬ್ಬರು. ಅವರಿಗೆ ಸ್ಪೇನಿನ ಭಾಷೆಯೂ ಬರ್ತಿತ್ತು, ಜಿನೋವಾದ ಭಾಷೆಯೂ ಬರ್ತಿತ್ತು. ನೀನಿಲ್ಲಿ ಯಾಕೆ ಬಂದೆ ಮಾರಾಯ ಅನ್ನೋ ಧಾಟಿಯಲ್ಲಿ ಬೈದುಕೊಂಡೇ ಮಾತಾಡಿಸಿದ್ರಂತೆ. ಇದು ಆ ಪ್ರಯಾಣದ ದಿನಚರಿಯಲ್ಲೇ ದಾಖಲಾಗಿದೆ. 'ಕಂಡುಹಿಡಿದ' ಊರಲ್ಲಿ ಇಳಿದ ತಕ್ಷಣ ತಮ್ಮ ಪಕ್ಕದ ಸೀಮೆಯ ಭಾಷೆ ಆಡುವವರೇ ಸಿಕ್ಕಿದ್ರೆ, ಯಾರು ಯಾರನ್ನ ಕಂಡುಹಿಡಿದ ಹಾಗಾಯ್ತು ಹೇಳಿ.

ಹಾಗಂತ 1200 ಪವಿತ್ರ ಸಂಖ್ಯೆ ಏನಲ್ಲ. ಅಲ್ಲಿ ಗೆರೆ ಎಳೆದರೆ ಅಶೋಕ ಹೊರಗೆ, ಬುದ್ಧ ಹೊರಗೆ, ರಾಜೇಂದ್ರ ಚೋಳನ ನೌಕಾಪಡೆ ಹೊರಗೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಣ್ಣಿನಡಿ ಸಿಕ್ಕ ರೋಮನ್ ನಾಣ್ಯಗಳ ಕಾಲವೂ ಹೊರಗೆ. ಇಸ್ಲಾಂ, ಕ್ರೈಸ್ತ ಧರ್ಮ, ಬೌದ್ಧ ಧರ್ಮ ಎಲ್ಲ ಮೊದಲ ದಿನವೇ ಸಿದ್ಧವಾಗಿ ಬಂದು ಕೂತಿರ್ತವೆ, ಹುಟ್ಟಿದ್ದು ಹೇಗೆ ಅಂತ ಗೊತ್ತಾಗಲ್ಲ. ಪ್ರಾಚೀನ ಕಾಲಕ್ಕೆ ಬೇರೆ ಎಪಿ ಕೋರ್ಸು ತರೋ ಮಾತೂ ಆಗ ಬಂದಿತ್ತು, ಸಾಕಷ್ಟು ಶಾಲೆಗಳು ಮುಂದೆ ಬಂದ್ರೆ ಅನ್ನೋ ಷರತ್ತಿನ ಮೇಲೆ.

ನನ್ನ ಕೇಳಿದ್ರೆ, ಒಂದೇ ವರ್ಷ ಇರೋದಾದ್ರೆ 1200 ಪರವಾಗಿಲ್ಲ. 10,000 ವರ್ಷವನ್ನ ಓಡಿಸಿ ಏನೂ ನೆನಪಿಡದೆ ಇರೋದಕ್ಕಿಂತ 800 ವರ್ಷ ನಿಧಾನವಾಗಿ ಓದೋದು ಮೇಲು. ಆದರೆ ಮೊದಲ ವಾರ ಹಿಂದಿನ ಪುಟಕ್ಕೆ ಕೊಡಲೇಬೇಕು. ಯಾವ ಧರ್ಮ ಎಲ್ಲಿಂದ ಬಂತು, ಕಾಗದ ಯಾರು ಕಲಿಸಿದ್ರು, ಮಾನ್ಸೂನ್ ಗಾಳಿ ಹಿಡಿದು ಕಡಲು ದಾಟೋದು ಹೇಗೆ, ಇಷ್ಟಾದ್ರೂ ಪರೀಕ್ಷೆಗೆ ಬರದಿದ್ರೂ ಹೇಳಬೇಕು. ಅಷ್ಟು ಸಲುಗೆ ಮೇಷ್ಟ್ರುಗಳಿಗೆ ಇರಲಿ.

ಈಗ ತಾನೇ ವಿಶ್ವ ಇತಿಹಾಸ ಶುರು ಮಾಡ್ತಿರೋರು, ಶಾಲೆಗೋ ಯುಪಿಎಸ್‌ಸಿಗೋ ಸುಮ್ಮನೆ ಆಸಕ್ತಿಗೋ, ಒಂದು ಕೆಲಸ ಮಾಡಿ ನೋಡಿ. ಇಸವಿಯಿಂದ ಶುರು ಮಾಡೋ ಬದಲು ಅಡುಗೆಮನೆ ಡಬ್ಬಿಯಿಂದ ಶುರು ಮಾಡಿ. ಒಂದು ಡಬ್ಬಿಯಲ್ಲಿ ಕರಿಮೆಣಸು ಇದೆ, ಪಶ್ಚಿಮ ಘಟ್ಟದ್ದು, ಪೋರ್ಚುಗೀಸರು ಹುಡುಕ್ಕೊಂಡು ಬಂದಿದ್ದು. ಪಕ್ಕದ ಡಬ್ಬಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ. ಆ ಗಿಡದ ಮೂಲ ಅಮೆರಿಕ ಖಂಡ. ಅದು ಇಲ್ಲಿಗೆ ಬಂದಿದ್ದು 1498 ಆದಮೇಲೆ, ಅದೇ ಪೋರ್ಚುಗೀಸರ ಹಡಗಿನ ದಾರಿಯಲ್ಲಿ. ಹೊಸದಾಗಿ ಬಂದ ಖಾರಕ್ಕೆ ನಮ್ಮವರು ಹಳೇ ಖಾರದ ಹೆಸರನ್ನೇ ಇಟ್ಟು 'ಮೆಣಸಿನಕಾಯಿ' ಅಂದ್ರು. ಈ ಎರಡು ಡಬ್ಬಿ ಹಿಡ್ಕೊಂಡು ಒಂದು ಭೂಪಟ ತೆಗೆದು, ಯಾವುದು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಗೆರೆ ಎಳೀರಿ. ಗೆರೆ ಹೊನ್ನಾವರ ದಾಟುತ್ತೆ, ಅಲೆಕ್ಸಾಂಡ್ರಿಯಾ ದಾಟುತ್ತೆ, ಲಿಸ್ಬನ್ ದಾಟುತ್ತೆ, ಅಟ್ಲಾಂಟಿಕ್ ದಾಟುತ್ತೆ. ಎಳೆದ ಭೂಪಟದ ಫೋಟೋ ನನಗೂ ಕಳಿಸಿ. ಮುಂದಿನ ವಾರ ಆಲೂಗಡ್ಡೆ ಬಗ್ಗೆ ಮಾತಾಡೋಣ.