ಸಂಶೋಧನೆ ಕನ್ನಡದಲ್ಲಿ, ಪರೀಕ್ಷೆ ಇಂಗ್ಲಿಷಿನಲ್ಲಿ!

(ಕನ್ನಡ ಕಾರ್ಯಕರ್ತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಅಂಗಡಿ ಬೋರ್ಡಿಗಾಗಿ, ಬ್ಯಾಂಕಿನ ಚಲನ್ನಿಗಾಗಿ ನಾವು ಬೀದಿಗಿಳಿದಿದ್ದೇವೆ. ಇಂದು ನಿಮ್ಮನ್ನು ವಿಶ್ವವಿದ್ಯಾಲಯದ ಒಂದು ಕೋಣೆಗೆ ಕರೆದೊಯ್ಯುತ್ತೇನೆ. ಅಲ್ಲಿ ಪಿಎಚ್.ಡಿ. ಮಾಡುವವರಿಗೆ 'ಕೋರ್ಸ್‌ವರ್ಕ್' ನಡೆಯುತ್ತದೆ.

ನನ್ನ ಬಳಿ ಎಂ.ಎ. ಓದಿದ ಹುಡುಗಿಯೊಬ್ಬಳು, ಕೂಲಿಕಾರರ ಮಗಳು. ಊರೂರು ತಿರುಗಿ ಅಜ್ಜಿಯರಿಂದ ಸೋಬಾನೆ ಪದ ಬರೆದುಕೊಂಡವಳು. ಸಂಶೋಧನೆಗೆ ಸೇರಿದ್ದು ಕನ್ನಡ ವಿಭಾಗಕ್ಕೆ. ಪ್ರಬಂಧ ಬರೆಯುವುದೂ ಕನ್ನಡದಲ್ಲೇ. ಆದರೆ ಸಂಶೋಧನಾ ವಿಧಾನದ ಪತ್ರಿಕೆ ಎಲ್ಲ ವಿಭಾಗಗಳಿಗೂ ಒಂದೇ. ಪಾಠ ಇಂಗ್ಲಿಷ್, ಪ್ರಶ್ನೆ ಇಂಗ್ಲಿಷ್. ಫೇಲಾದಳು. "ಸಾರ್, ನನಗೆ ಗೊತ್ತಿಲ್ಲದ್ದು ವಿಷಯವೋ, ಭಾಷೆಯೋ?" ಎಂದು ಫೋನಿನಲ್ಲಿ ಅತ್ತಳು. ಉತ್ತರ ಕೊಡುವವರು ಯಾರು?

ಕೋರ್ಸ್‌ವರ್ಕ್ ಬೇಡ ಎನ್ನಲು ನಾನು ಬಂದಿಲ್ಲ. ಹಿಂದೆ ಎಲ್ಲವೂ ಗುರುವಿನ ಮೇಲೆ ನಿಂತಿತ್ತು. ತೀ.ನಂ.ಶ್ರೀ. ಅವರಂಥ ಗುರು ಸಿಕ್ಕರೆ ಚಿದಾನಂದಮೂರ್ತಿಗಳ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಹುಟ್ಟುತ್ತದೆ. ಅದು ಕನ್ನಡದಲ್ಲೇ ಬರೆದ ಪಿಎಚ್.ಡಿ. ಪ್ರಬಂಧ. ಅಂಥ ಗುರು ಎಲ್ಲರಿಗೂ ಸಿಗುತ್ತಾರೆಯೇ? ಸಿಗದವರಿಗೆ ಕ್ರಮವಾದ ಪಾಠ ಬೇಕೇ ಬೇಕು. ಯುಜಿಸಿ 2009ರಲ್ಲಿ ಅದನ್ನು ಕಡ್ಡಾಯ ಮಾಡಿತು. 2022ರ ನಿಯಮದಂತೆ ಕನಿಷ್ಠ 12 ಕ್ರೆಡಿಟ್, ಶೇ. 55 ಅಂಕ ಬಾರದಿದ್ದರೆ ಪ್ರಬಂಧ ಒಪ್ಪಿಸುವಂತಿಲ್ಲ. ಅಂದರೆ ಇದು ಬಾಗಿಲು. ಬಾಗಿಲಿಗೆ ಇಂಗ್ಲಿಷಿನ ಬೀಗ ಹಾಕಿದವರು ಯಾರು?

ದೆಹಲಿಯನ್ನು ಬೈದು ಸುಮ್ಮನಾಗಬೇಡಿ. ಪಾಠ ಇಂಗ್ಲಿಷಿನಲ್ಲಿದ್ದರೂ ವಿದ್ಯಾರ್ಥಿಗಳು ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಬಿಡಿ ಎಂದು 2023ರ ಏಪ್ರಿಲ್‌ನಲ್ಲಿ ಯುಜಿಸಿಯೇ ವಿಶ್ವವಿದ್ಯಾಲಯಗಳಿಗೆ ಹೇಳಿತು. ಬೀಗ ಇರುವುದು ನಮ್ಮ ಮನೆಯಲ್ಲೇ!

ಬರಿಯ ಅನುವಾದವೂ ಸಾಲದು. ಓಲೆಗರಿಯ ಎರಡು ಪ್ರತಿಗಳಲ್ಲಿ ಎರಡು ಪಾಠವಿದ್ದರೆ ಯಾವುದನ್ನು ಹಿಡಿಯಬೇಕು? ಶಾಸನದ ಲಿಪಿ ನೋಡಿ ಕಾಲ ಗುರುತಿಸುವುದು ಹೇಗೆ? ಹಾಡಿದ ಅಜ್ಜಿಯ ಒಪ್ಪಿಗೆ ಕೇಳಿದಿರಾ, ಆಕೆಯ ಹೆಸರು ಹಾಕಿದಿರಾ? ಕನ್ನಡ ಸಂಶೋಧಕನಿಗೆ ವಿಧಾನವೆಂದರೆ ಇದು, ನೀತಿಯೆಂದರೆ ಇದು. ಗ್ರಂಥಋಣದ ಪಟ್ಟಿಯಲ್ಲಿ ಮನೆತನದ ಹೆಸರು ಮೊದಲು ಬರಲಿ ಎಂದು ಕಲಿಸುತ್ತಾರೆ. ಪಂಪನ ಮನೆತನದ ಹೆಸರು ಯಾವುದು ಸ್ವಾಮಿ?

"ಇಂಗ್ಲಿಷ್ ಬಾರದೆ ಎಂಥ ಡಾಕ್ಟರು?" ಎನ್ನುವವರಿದ್ದಾರೆ. ಇಂಗ್ಲಿಷ್ ಗ್ರಂಥ ಓದಲಿ, ಇನ್ನೂ ನಾಲ್ಕು ಭಾಷೆ ಕಲಿಯಲಿ. ಆದರೆ ಓದಲು ಕಲಿಸುವುದು ಬೇರೆ, ಬರೆಯಲು ಬಾರದೆಂದು ಹೊರದಬ್ಬುವುದು ಬೇರೆ.

ನಮ್ಮ ಒತ್ತಾಯ ಮೂರು. ಕೋರ್ಸ್‌ವರ್ಕ್ ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿರಲಿ, ಕನ್ನಡದ ಉತ್ತರಕ್ಕೆ ಕನ್ನಡ ಬಲ್ಲವರೇ ಅಂಕ ಕೊಡಲಿ. ಸಂಶೋಧನಾ ವಿಧಾನಕ್ಕೆ ಕನ್ನಡದಲ್ಲಿ ಪಠ್ಯ ಬರೆಸಲಿ. ಭಾಷೆಯ ಕಾರಣಕ್ಕೆ ಸೋತವರಿಗೆ ಮರುಪರೀಕ್ಷೆ ಕೊಡಲಿ.

ಓದುಗರೇ, ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಸಂಶೋಧನೆ ಮಾಡುವವರಿದ್ದರೆ ಕೇಳಿ: ನಿನ್ನ ಪರೀಕ್ಷೆ ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ ಎಂದರೆ ಕುಲಸಚಿವರಿಗೆ ಒಂದು ಪತ್ರ ಬರೆಯಿರಿ. ಕನ್ನಡದಲ್ಲೇ ಬರೆಯಿರಿ.

ಸಿರಿಗನ್ನಡಂ ಗೆಲ್ಗೆ!